ಮೂರು ಕಾರು ಮತ್ತು ಎಂಟು ಗಂಟೆಯ ಬಸ್ಸು

ನಾನು ಚಿಕ್ಕವನಿದ್ದಾಗ ಕಾಪುವಿನ ನಮ್ಮ ಮನೆಯಲ್ಲಿ ಮೂರು ಕಾರುಗಳಿದ್ದವು. ಬಾಯಿ ಬಿಡಬೇಡಿ ಮಕ್ಕಳೇ, ನಾವು ಸಾಹುಕಾರರೇನೂ ಆಗಿರಲಿಲ್ಲ. ಮೂರು ಕಾರು ಇದ್ದರೂ ನಾನು ಶಾಲೆಗೆ ನಡೆದೇ ಹೋಗುತ್ತಿದ್ದೆ. ಅಮ್ಮ ಪೇಟೆಗೆ ನಡೆದೇ ಹೋಗುತ್ತಿದ್ದಳು. ಅಕ್ಕ ಉಡುಪಿಯ ಕಾಲೇಜಿಗೆ ದಿನಾ ಎಂಟು ಗಂಟೆಯ ಬಸ್ಸು ಹಿಡಿಯುತ್ತಿದ್ದಳು. ಅಪ್ಪನನ್ನು ಹೊತ್ತು ಒಂದು ಹೋದರೆ, ಉಳಿದೆರಡು ಕಾರು ಮನೆಯಲ್ಲೇ ಇರುತ್ತಿದ್ದವು. ಅವುಗಳನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮೂರೂ ಒಂದೇ ಜಾತಿಯ ಹಳೆಯ ಕಾರುಗಳು. ಕಪ್ಪು ಕಾರು ಉಡುಪಿಯ ಒಬ್ಬ ಡಾಕ್ಟರರದ್ದಾಗಿತ್ತು. ಅದರೊಳಗೆ ಕೂತರೆ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು, ಇನ್ನೇನು ಯಾರೋ ಸೂಜಿ ಚುಚ್ಚುತ್ತಾರೆ ಎಂದು ಭಯವಾಗುತ್ತಿತ್ತು. ಹಸಿರು ಕಾರು ಪಡುಬಿದ್ರಿಯ ಮೀನಿನ ವ್ಯಾಪಾರಿಯಿಂದ ಬಂದದ್ದು. ಬಿಸಿಲಿಗೆ ಸೀಟು ಕಾದರೆ ಸಾಕು, ಒಣಮೀನಿನ ವಾಸನೆ ಮೇಲೇಳುತ್ತಿತ್ತು, ಬೆಕ್ಕುಗಳು ಬಂದು ಬಾಗಿಲಿನ ಬಳಿ ಕೂರುತ್ತಿದ್ದವು. ಬೂದಿ ಬಣ್ಣದ ಕಾರಂತೂ ಕಾರ್ಕಳದಲ್ಲಿ ಯಾರದೋ ಹಲಸಿನ ಮರದ ಕೆಳಗೆ ಕೋಳಿಗೂಡಾಗಿ ಬಿದ್ದಿತ್ತು. ಅಪ್ಪ ಅದನ್ನು ಹಗ್ಗ ಕಟ್ಟಿಸಿ ಎಳೆದುಕೊಂಡು ಬಂದರು. ಅದರ ನೆಲದಲ್ಲಿ ಒಂದು ತೂತು ಇತ್ತು. ಕಾರು ಓಡುವಾಗ ಆ ತೂತಿನಲ್ಲಿ ರಸ್ತೆ ಕಾಣುತ್ತದೆ ಎಂದು ಅಪ್ಪ ಹೇಳಿದ್ದರು. ಓಡಿದ್ದು ಕಡಿಮೆ, ಆದ್ದರಿಂದ ನಾನು ನೋಡಿದ್ದು ಅಂಗಳದ ಮರಳನ್ನು ಮಾತ್ರ.

ಅಪ್ಪ ಕಾರ್ಕಳದ ಒಂದು ಶಾಲೆಯಲ್ಲಿ ಗಣಿತದ ಮಾಸ್ಟರು. ದಿನವೂ ಕಾಪುವಿನಿಂದ ಶಿರ್ವ, ಬೆಳ್ಮಣ್ಣು ದಾಟಿ ಅಷ್ಟು ದೂರ ಹೋಗಿ ಬರಬೇಕಿತ್ತು. ಮೊದಲಿಗೆ ಇದ್ದದ್ದು ಕಪ್ಪು ಕಾರು ಒಂದೇ. ಒಂದು ದಿನ ಕಾರ್ಕಳದಲ್ಲಿದ್ದ ಅಜ್ಜಿಗೆ, ಎಂದರೆ ಅಪ್ಪನ ಅಮ್ಮನಿಗೆ, ಕಾಯಿಲೆ ಜೋರಾಗಿದೆ ಎಂದು ಸುದ್ದಿ ಬಂತು. ಅಪ್ಪ ಹೊರಟರು. ಬೆಳ್ಮಣ್ಣಿನ ಹತ್ತಿರ ಕಾರು ನಿಂತಿತು. ಅದನ್ನು ಬಿಚ್ಚಿ, ಊದಿ, ಇಂಜಿನ್ನಿಗೆ ಮುಂದಿನಿಂದ ಹ್ಯಾಂಡಲ್ ತೂರಿಸಿ ತಿರುಗಿಸಿ ಮತ್ತೆ ಹೊರಡಿಸಿ ಅಪ್ಪ ಅಲ್ಲಿಗೆ ಮುಟ್ಟುವಾಗ ಅಜ್ಜಿ ಇರಲಿಲ್ಲ. ಈ ವಿಷಯವನ್ನು ನಮಗೆ ಹೇಳಿದ್ದು ಅಮ್ಮ. ಅಪ್ಪ ಒಮ್ಮೆಯೂ ಹೇಳಿದವರಲ್ಲ. ಆ ವರ್ಷವೇ ಹಸಿರು ಕಾರು ಬಂತು, ಮುಂದಿನ ವರ್ಷ ಬೂದಿ ಕಾರು.

ಜಗಲಿಯ ಗೋಡೆಗೆ ಒಂದು ಸಣ್ಣ ಕರಿಹಲಗೆ ತೂಗುತ್ತಿತ್ತು. ನನಗೆ ಮಗ್ಗಿ ಕಲಿಸಲು ತಂದದ್ದು. ಬಂದವರಿಗೆಲ್ಲ ಅಪ್ಪ ಅದರ ಮೇಲೆ ಸೀಮೆಸುಣ್ಣದಿಂದ ತಮ್ಮ ಸಿದ್ಧಾಂತ ವಿವರಿಸುತ್ತಿದ್ದರು. ಹಳೆಯ ಕಾರು ಒಂದಿದ್ದರೆ ತಿಂಗಳಲ್ಲಿ ಕೆಲವು ದಿನ ಕೈಕೊಡುತ್ತದೆ. ಎರಡಿದ್ದರೆ ಎರಡೂ ಒಂದೇ ದಿನ ಕೈಕೊಡುವುದು ಅಪರೂಪ. ಮೂರಿದ್ದರೆ ಮೂರೂ ಒಟ್ಟಿಗೆ ಕೆಡುವುದು ಆಗದ ಮಾತು. “ಒಂದಿದ್ದರೆ ಚಿಂತೆ, ಎರಡಿದ್ದರೆ ಧೈರ್ಯ, ಮೂರಿದ್ದರೆ ನಿದ್ರೆ” ಎಂದು ಹೇಳಿ ಅವರು ಸೀಮೆಸುಣ್ಣ ಕೆಳಗಿಡುತ್ತಿದ್ದರು. ಬಂದವರು ಚಹಾ ಕುಡಿದು ತಲೆಯಾಡಿಸುತ್ತಿದ್ದರು. ಒಳಗಿನಿಂದ ಅಮ್ಮ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದಳು.

ಲೆಕ್ಕವೇನೋ ಸರಿಯಾಗಿತ್ತು. ಆದರೆ ಮೂರು ಕಾರಿಗೆ ಸೇರಿ ಒಳ್ಳೆಯ ಬ್ಯಾಟರಿ ಇದ್ದದ್ದು ಒಂದು. ಒಳ್ಳೆಯ ಫ್ಯಾನ್ ಬೆಲ್ಟು ಒಂದು. ನಂಬಬಹುದಾದ ಟೈರುಗಳು ನಾಲ್ಕೋ ಐದೋ. ಯಾವ ಕಾರು ಹೊರಡುತ್ತದೋ ಅದಕ್ಕೆ ಉಳಿದೆರಡರ ಅಂಗಾಂಗ ಕಿತ್ತು ಜೋಡಿಸಬೇಕು. ಭಾನುವಾರವೆಂದರೆ ನಮ್ಮ ಮನೆಯಲ್ಲಿ ಅದೇ ಕೆಲಸ. ಬೇರೆ ಮಕ್ಕಳು ಕಡಲ ದಂಡೆಯಲ್ಲಿ ಆಡುವಾಗ ನಾನು ಬೋಲ್ಟುಗಳನ್ನು ತೆಂಗಿನ ಗೆರಟೆಯಲ್ಲಿ ಹಿಡಿದು ನಿಂತಿರಬೇಕಿತ್ತು. ಬ್ಯಾಟರಿಗೆ ಥಂಡಿ ಹಿಡಿಯಬಾರದೆಂದು ಮಳೆಗಾಲದಲ್ಲಿ ಅದನ್ನು ಗೋಣಿಯಲ್ಲಿ ಸುತ್ತಿ ಜಗಲಿಯ ಬೆಂಚಿನ ಮೇಲೆ ಮಲಗಿಸುತ್ತಿದ್ದರು. ನನಗೆ ಜ್ವರ ಬಂದಾಗಲೂ ಅಪ್ಪ ಅಷ್ಟು ಉಪಚಾರ ಮಾಡಿದ್ದು ನನಗೆ ನೆನಪಿಲ್ಲ.

“ಮೂರು ಸೇರಿದರೂ ಒಂದು ಆಗುವುದಿಲ್ಲ ನಿಮ್ಮದು” ಎಂದು ಅಮ್ಮ ಗೊಣಗುತ್ತಿದ್ದಳು.

“ನಿನಗೆ ಲೆಕ್ಕ ಗೊತ್ತಿಲ್ಲ” ಎಂದು ಅಪ್ಪ ನಗುತ್ತಿದ್ದರು.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಅಕ್ಕನಿಗೆ ಸೂಕ್ಷ್ಮದರ್ಶಕದ ಹುಚ್ಚು. ಕಾಲೇಜಿನಲ್ಲಿ ಮೊದಲ ಸಲ ಈರುಳ್ಳಿಯ ಸಿಪ್ಪೆಯನ್ನು ಅದರ ಕೆಳಗೆ ನೋಡಿ ಬಂದ ದಿನ ಅವಳು ಊಟ ಮಾಡುವುದನ್ನೇ ಮರೆತಿದ್ದಳು. ಇಟ್ಟಿಗೆ ಗೋಡೆ ಕಟ್ಟಿದ ಹಾಗೆ ಇರುತ್ತದೆ ಕಣೋ ಒಳಗೆ ಎಂದು ನನಗೆ ಬೆರಳಿನಿಂದ ನೆಲದ ಮೇಲೆ ಬರೆದು ತೋರಿಸಿದಳು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಕಲಿಯಬೇಕು ಎಂದು ಅವಳ ಆಸೆ. ಮಣಿಪಾಲದ ಒಂದು ಕಾಲೇಜಿನಲ್ಲಿ ಅಂಥ ತರಬೇತಿ ಇತ್ತು. ಅರ್ಜಿ ಹಾಕಿದಳು. ಜೂನ್ ತಿಂಗಳಲ್ಲಿ ಕರೆ ಬಂತು. ಇಂಥ ದಿನ ಬೆಳಿಗ್ಗೆ ಹತ್ತು ಗಂಟೆಗೆ ಸಂದರ್ಶನ, ತಡವಾಗಿ ಬಂದವರನ್ನು ಪರಿಗಣಿಸಲಾಗುವುದಿಲ್ಲ ಎಂದಿತ್ತು. ಸೀಟುಗಳು ಕೆಲವೇ ಕೆಲವು.

“ಎಂಟು ಗಂಟೆಯ ಬಸ್ಸಿಗೆ ಹೋದರೆ ಒಂಬತ್ತೂವರೆಗೆಲ್ಲ ಮಣಿಪಾಲದಲ್ಲಿರ್ತೇನೆ” ಎಂದಳು ಅಕ್ಕ.

ಅಪ್ಪನ ಮುಖ ಸಣ್ಣದಾಯಿತು. “ಬಸ್ಸು ಎಂತಕ್ಕೆ? ದಿನಾ ಬಸ್ಸಿನಲ್ಲಿ ಹೋಗ್ತಿ, ನಾನು ಏನಾದರೂ ಹೇಳಿದ್ದೇನಾ? ಇಂಥ ಒಂದು ದಿನಕ್ಕೆಂದೇ ಅಲ್ವಾ ನಾನು ಮೂರು ಕಾರು ಇಟ್ಟದ್ದು? ಮಳೆಯಲ್ಲಿ ನೆನೆದು, ಸೀರೆ ಮುದ್ದೆಯಾಗಿ ಅವರ ಎದುರು ಹೋಗಿ ನಿಲ್ತೀಯಾ? ನಾನು ರಜೆ ಹಾಕ್ತೇನೆ. ಬಾಗಿಲಿಗೆ ಕೊಂಡುಹೋಗಿ ಬಿಡ್ತೇನೆ.”

ಅಕ್ಕ ಅಮ್ಮನ ಮುಖ ನೋಡಿದಳು. ಅಮ್ಮ ನನ್ನ ಮುಖ ನೋಡಿದಳು. ಯಾರಿಗೂ ಬೇಡ ಎನ್ನಲು ಬಾಯಿ ಬರಲಿಲ್ಲ. ಅಪ್ಪ ಅಷ್ಟು ಆಸೆಯಿಂದ ಹೇಳಿದ್ದರು.

ಹಿಂದಿನ ಸಂಜೆ ಅಪ್ಪ ಶಾಲೆಯಿಂದ ಬಂದವರೇ ಕೆಲಸಕ್ಕೆ ನಿಂತರು. ನಮ್ಮ ಮನೆಯ ಪಕ್ಕದಲ್ಲಿ ಗೋಡೆಗೂ ಕೆಂಪು ಮುರಕಲ್ಲಿನ ಕಂಪೌಂಡಿಗೂ ನಡುವೆ ಒಂದು ಕಾರು ಹಿಡಿಯುವಷ್ಟೇ ಅಗಲದ ಓಣಿ. ಅದರ ಒಂದು ತುದಿಯಲ್ಲಿ ರಸ್ತೆಯ ಗೇಟು, ಮನೆಗೆ ಅದೊಂದೇ ದಾರಿ, ಇನ್ನೊಂದು ತುದಿಯಲ್ಲಿ ತೆಂಗಿನ ಮಡಲು ಹೊದೆಸಿದ ಚಪ್ಪರ. ಮಳೆಗೆ ನೆನೆದರೆ ಇಂಜಿನ್ ಮುನಿಯುತ್ತದೆ ಎಂದು ಹೊರಡಬೇಕಾದ ಕಾರನ್ನು ಚಪ್ಪರದ ಒಳಗೆ ಇಡುವುದು ಅಪ್ಪನ ಪದ್ಧತಿ. ಹಾಗೆ ಕಪ್ಪು ಕಾರು ಒಳಗೆ ಹೋಯಿತು. ಅದರ ಹಿಂದೆ ಹಸಿರು, ಗೇಟಿನ ಬಳಿ ಬೂದಿ. ಹಸಿರಿನ ಬ್ಯಾಟರಿ ಕಪ್ಪಿಗೆ ಬಂತು. ಹಸಿರಿನ ಫ್ಯಾನ್ ಬೆಲ್ಟೂ ಬಂತು. ದಿನಾ ಬೆಳಿಗ್ಗೆ ಉಳಿದೆರಡನ್ನು ರಸ್ತೆಗೆ ದೂಡಿ, ಒಳಗಿನದನ್ನು ಹೊರಗೆ ತೆಗೆದು, ಮತ್ತೆ ಅವನ್ನು ಒಳಗೆ ದೂಡುವುದು ನಮಗೆ ರೂಢಿಯೇ ಆಗಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆ ಇರುತ್ತಿರಲಿಲ್ಲ. ಮಬ್ಬು ಕವಿಯುವಾಗ ಅಪ್ಪ ಕಪ್ಪು ಕಾರಿನ ಮುಂದಿನ ಟೈರನ್ನು ಬೆರಳಿನಿಂದ ಸವರಿ ನೋಡಿದರು. ನುಣ್ಣಗೆ ಸವೆದು ಒಳಗಿನ ನೂಲು ಕಾಣುತ್ತಿತ್ತು. “ಮಗಳ ಭವಿಷ್ಯ ಈ ಟೈರಿನ ಮೇಲೆ ಹೋಗುವುದು ಬೇಡ” ಎಂದರು. ಬೂದಿ ಕಾರಿನ ಮುಂದಿನ ಚಕ್ರ ಹೊಸದರಂತಿತ್ತು. ಅದನ್ನು ಬಿಚ್ಚಿ ತಂದು ಕಪ್ಪಿಗೆ ಹಾಕಿದರು. ಬೂದಿ ಕಾರನ್ನು ಎರಡು ಮುರಕಲ್ಲುಗಳ ಮೇಲೆ ಕೂರಿಸಿದರು. ಅಮ್ಮ ಲಾಟೀನು ಹಿಡಿದಿದ್ದಳು. ಅಕ್ಕ ಕೊಡೆ ಹಿಡಿದಿದ್ದಳು. ನಾನು ನಟ್ಟುಗಳ ಗೆರಟೆ ಹಿಡಿದಿದ್ದೆ. ನಾಲ್ಕು ಜನರ ಎಂಟು ಕಣ್ಣುಗಳ ಎದುರೇ ಎಲ್ಲವೂ ನಡೆಯಿತು. ಒಬ್ಬರ ತಲೆಗಾದರೂ ಹೊಳೆಯಬೇಕಲ್ಲ, ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಅಮ್ಮ ಬಿಸಿ ಬಿಸಿ ನೀರುದೋಸೆ ಹಾಕಿದ್ದಳು, ಅಕ್ಕ ಅರ್ಧ ತಿಂದು ಎದ್ದಳು. ನೀಲಿ ಅಂಚಿನ ಬಿಳಿ ಸೀರೆ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು, ನಡೆದರೆ ಚರಚರ ಎನ್ನುತ್ತಿತ್ತು. ಆಚೆಮನೆಯ ಬಾಯಮ್ಮ ತಾನು ಬೆಳೆದ ಮಲ್ಲಿಗೆಯ ಒಂದು ತುಂಡನ್ನು ಅಕ್ಕನ ಜಡೆಗೆಂದು ಕೊಟ್ಟುಹೋಗಿದ್ದಳು. ಬಾಯಮ್ಮ ದಿನವೂ ಮಲ್ಲಿಗೆಯ ಕಟ್ಟನ್ನು ಬಾಳೆಲೆಯಲ್ಲಿ ಸುತ್ತಿ ಬಸ್ಸಿನಲ್ಲಿ ಉಡುಪಿಗೆ ಒಯ್ದು ಮಾರುತ್ತಿದ್ದಳು. ಹೂವು ಯಾರಿಗೂ ಕಾಯುವುದಿಲ್ಲ, ಹಾಗಾಗಿ ಅವಳಿಗೆ ಬಸ್ಸುಗಳ ವೇಳೆ ನಮ್ಮ ಅಪ್ಪನಿಗಿಂತ ಚೆನ್ನಾಗಿ ಗೊತ್ತಿತ್ತು.

ಅಪ್ಪ ಕಪ್ಪು ಕಾರಿನ ಮುಂದೆ ಊದುಬತ್ತಿ ಹಚ್ಚಿದರು. ಹಿಂದಿನ ಸೀಟಿನ ಮೇಲೆ ಒಗೆದ ಬಿಳಿ ಹೊದಿಕೆ ಹಾಸಿದರು, ಅಕ್ಕನ ಸೀರೆಗೆ ಕಲೆಯಾಗಬಾರದೆಂದು. ಹ್ಯಾಂಡಲ್ ಬೇಕಾಗಲೇ ಇಲ್ಲ. ಕೀಲಿ ತಿರುಗಿಸಿದ್ದೇ ತಡ, ಇಂಜಿನ್ ಹೂಂ ಎಂದು ಎದ್ದಿತು. ಅಂಥ ಸದ್ದನ್ನು ನಾನು ನಮ್ಮ ಮನೆಯಲ್ಲಿ ಅದುವರೆಗೆ ಕೇಳಿರಲಿಲ್ಲ. ಕೆಮ್ಮಿಲ್ಲ, ಸೀನಿಲ್ಲ. ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಮ್ಮನನ್ನು ನೋಡಿ ಹುಬ್ಬು ಹಾರಿಸಿದರು. ನಾನು ಕುಣಿದೆ. ಅಕ್ಕ ನಕ್ಕಳು.

ಆಮೇಲೆ ಅಪ್ಪ ಕಾರನ್ನು ಹೊರಗೆ ತರಲು ಹಿಂದಕ್ಕೆ ತಿರುಗಿ ನೋಡಿದರು. ನಾವೂ ನೋಡಿದೆವು. ಹಸಿರು ಕಾರನ್ನೇನೋ ದೂಡಬಹುದು. ಅದರಾಚೆ ಗೇಟಿನ ಬಾಯಲ್ಲಿ ಬೂದಿ ಕಾರು ಮೂರು ಚಕ್ರ, ಎರಡು ಕಲ್ಲುಗಳ ಮೇಲೆ ಆರಾಮವಾಗಿ ಕೂತಿತ್ತು.

ಅದೇ ಹೊತ್ತಿಗೆ ದೂರದಲ್ಲಿ ಎಂಟು ಗಂಟೆಯ ಬಸ್ಸಿನ ಹಾರನ್ ಕೇಳಿಸಿತು.

“ಅಪ್ಪ, ನಾನು ಬಸ್ಸಿಗೆ ಓಡ್ತೇನೆ” ಎಂದಳು ಅಕ್ಕ. ಬೂದಿ ಕಾರಿನ ಪಕ್ಕದಲ್ಲಿ ಗೋಡೆಗೆ ಒರಗಿಕೊಂಡು ಅಡ್ಡಡ್ಡವಾಗಿ ನುಸುಳಲು ಆಗ ಜಾಗ ಇತ್ತು.

“ಛೆ ಛೆ, ಗೋಡೆಯಲ್ಲಿ ಎಲ್ಲ ಪಾಚಿ ಉಂಟು, ಸೀರೆ ಹಾಳಾಗ್ತದೆ. ಐದು ನಿಮಿಷ. ಆ ಹಳೆಯ ಚಕ್ರ ಇದಕ್ಕೆ ಹಾಕಿದರೆ ಆಯಿತು, ಎಂತದೂ ಕಷ್ಟ ಇಲ್ಲ. ಐದೇ ನಿಮಿಷ.”

ಬಸ್ಸು ನಮ್ಮ ಗೇಟಿನ ಎದುರು ನಿಧಾನ ಮಾಡಿತು. ಅಕ್ಕ ದಿನಾ ಹತ್ತುವವಳಲ್ಲವೇ, ಕಂಡಕ್ಟರ್ ಬಾಗಿಲಲ್ಲಿ ಜೋತು ಇಣುಕಿ ನೋಡಿದ. ಅಪ್ಪ ಸ್ಪ್ಯಾನರ್ ಹಿಡಿದ ಕೈಯನ್ನು ಬೀಸಿ, ಹೋಗು ಹೋಗು ಎಂದರು. “ರೈಟ್” ಎಂದು ಅವನು ಬಸ್ಸಿನ ಮೈಗೆ ಬಡಿದ. ಬಸ್ಸು ಹೋಯಿತು.

ಆ ಐದು ನಿಮಿಷವನ್ನು ನಾನು ಹೇಗೆ ಹೇಳಲಿ? ಜಾಕಿ ಇಟ್ಟರೆ ಒದ್ದೆ ಮರಳಿನಲ್ಲಿ ಜಾಕಿಯೇ ಇಳಿಯುತ್ತಿತ್ತು, ಕಾರು ಏಳುತ್ತಿರಲಿಲ್ಲ. ಜಾಕಿಯ ಕೆಳಗೆ ಹಲಗೆ ಬೇಕು ಎಂದರು. ಹಲಗೆ ಹುಡುಕಿ ತಂದೆ. ಹಲಗೆ ಮುರಿಯಿತು. ಅಮ್ಮ ಅಡಿಗೆಮನೆಯಿಂದ ಕೂರುವ ಮಣೆ ತಂದು ಎದುರಿಗೆ ಕುಕ್ಕಿದಳು. ಹಳೆಯ ಚಕ್ರ ಕೂರಿಸಿದರೆ ನಟ್ಟುಗಳ ಗೆರಟೆ ಕಾಣಿಸಲಿಲ್ಲ, ಅದು ಕಪ್ಪು ಕಾರಿನ ಬಾನೆಟ್ಟಿನ ಮೇಲೆ ಇತ್ತು. ಪ್ರತಿ ಸಲವೂ ಅಪ್ಪ, “ಆಯಿತು, ಇನ್ನು ಆಯಿತು” ಎನ್ನುತ್ತಿದ್ದರು. ಅವರ ಬಿಳಿ ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು. ಅಕ್ಕ ಜಗಲಿಯಲ್ಲಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ಅತ್ತ ಒಳಗೆ ಕಪ್ಪು ಕಾರು ಯಾರ ಹಂಗೂ ಇಲ್ಲದಂತೆ ಹೂಂ ಎಂದು ಓಡುತ್ತಲೇ ಇತ್ತು. ಅದರ ಆ ಸೊಗಸಾದ ಸದ್ದು ಕೇಳಿ ನನಗೆ ಕಲ್ಲು ಹೊಡೆಯಬೇಕು ಅನಿಸಿತು.

ಅಂತೂ ಬೂದಿ ಕಾರು ಕಲ್ಲಿನಿಂದ ಇಳಿಯಿತು. ಅಪ್ಪ ಹೊರಗಿನಿಂದಲೇ ಸ್ಟೇರಿಂಗ್ ಹಿಡಿದರು, ನಾನೂ ಅಮ್ಮನೂ ದೂಡಿದೆವು. ಕಾರು ಗೇಟಿನ ಕಂಬಗಳ ನಡುವಿನವರೆಗೆ ಬಂತು. ಅಲ್ಲಿ ಆ ಸವೆದ ಟೈರು ಫಟ್ ಎಂದು ಒಡೆಯಿತು. ಚಕ್ರ ಮರಳಿನಲ್ಲಿ ಹೂತುಹೋಯಿತು. ಆಮೇಲೆ ಎಷ್ಟು ದೂಡಿದರೂ ಜಪ್ಪಯ್ಯ ಎನ್ನಲಿಲ್ಲ. ಈಗ ಆಚೆಯಿಂದ ಈಚೆಗೆ ಕೋಳಿ ಸಹ ಬರುವಂತಿರಲಿಲ್ಲ. ಮೂರು ಕಾರುಗಳ ಮನೆಯಲ್ಲಿ ನಾವು ನಾಲ್ಕೂ ಜನ ಒಳಗೆ ಬಂದಿಯಾದೆವು.

ಹೊರಗಿನಿಂದ ಬಾಯಮ್ಮನ ಸ್ವರ ಕೇಳಿತು. ಎಂಟೂವರೆಯ ಬಸ್ಸಿಗೆ ಮಲ್ಲಿಗೆ ಕಟ್ಟು ಹಿಡಿದು ಹೊರಟವಳು ಗೇಟಿನಲ್ಲಿ ನಿಂತಿದ್ದಳು. “ಎಂತ ಮಾಸ್ಟ್ರೇ ಇದು? ಮೂರು ಕಾರು ಉಂಟು, ಹುಡುಗಿಗೆ ಹೊರಗೆ ಬರ್ಲಿಕ್ಕೆ ದಾರಿ ಇಲ್ವಾ?”

ಅಪ್ಪ ಜಾಕಿಯ ಕಡೆಗೆ ಕೈ ಚಾಚಿದರು. ಅವರ ಬಾಯಲ್ಲಿ ಮತ್ತೆ ‘ಐದು ನಿಮಿಷ’ ಬರುವುದರಲ್ಲಿತ್ತು.

ಆಗ ಅಕ್ಕ ಜಗಲಿಯಿಂದ ಇಳಿದಳು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಳು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿ, ಬೂದಿ ಕಾರಿನ ಡಿಕ್ಕಿಯ ಮೇಲೆ ಕಾಲಿಟ್ಟು, ಅದರ ಮಾಡಿನ ಮೇಲೆ ಹತ್ತಿ, ಬಾನೆಟ್ಟಿನ ಮೇಲೆ ಜಾರಿ ಇಳಿದಳು. ತಗಡು ಡೊಂಯ್ ಡೊಂಯ್ ಎಂದಿತು. “ಬಾ ಮಗಳೇ, ಕೈ ಹಿಡಿ” ಎಂದು ಬಾಯಮ್ಮ ಆಚೆಯಿಂದ ಅವಳನ್ನು ಇಳಿಸಿಕೊಂಡಳು. ಗಂಜಿ ಹಾಕಿದ ಸೀರೆಯ ಮೊಣಕಾಲಿಗೆ ಕೆಂಪು ಮಣ್ಣು, ಸೊಂಟಕ್ಕೆ ಕಪ್ಪು ಗ್ರೀಸು.

“ನೀನೂ ಹೋಗು ಮಗ, ಅವಳೊಟ್ಟಿಗೆ” ಎಂದು ಅಮ್ಮ ನನ್ನನ್ನು ಹಿಂದಿನಿಂದ ಎತ್ತಿ ಕಾರಿನ ಮೇಲೆ ಹತ್ತಿಸಿದಳು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. “ಎದುರು ಹೋಗಿ, ಎದುರು ಹೋಗಿ, ಒಳಗೆ ಜಾಗ ಉಂಟು” ಎಂದು ಕಂಡಕ್ಟರ್ ದೂಡುತ್ತಿದ್ದ. ಒದ್ದೆ ಕೊಡೆಗಳು, ಮೀನಿನ ಬುಟ್ಟಿ, ಬಾಯಮ್ಮನ ಮಲ್ಲಿಗೆ, ಎಲ್ಲದರ ವಾಸನೆ ಒಟ್ಟು ಸೇರಿತ್ತು. ಕಟಪಾಡಿಯಲ್ಲಿ ಹತ್ತು ಜನ ಇಳಿದರೆ ಹದಿನೈದು ಜನ ಹತ್ತಿದರು. ಬಾಯಮ್ಮ ಬಾಳೆಲೆಯ ತುದಿ ಹರಿದು ಅಕ್ಕನ ಸೀರೆಯ ಗ್ರೀಸು ಉಜ್ಜಿದಳು. ಅದು ಇನ್ನಷ್ಟು ಹರಡಿತು. ಉಡುಪಿಯಲ್ಲಿ ಇಳಿದಾಗ ಮಣಿಪಾಲದ ಬಸ್ಸು ಆಗಷ್ಟೇ ಹೊರಟಿತ್ತು. ಮುಂದಿನದಕ್ಕೆ ಕಾದೆವು. ಅಕ್ಕ ಗಡಿಯಾರದ ಅಂಗಡಿಯ ಕಡೆಗೆ ಬೆನ್ನು ಹಾಕಿ ನಿಂತಿದ್ದಳು. ಅಲ್ಲಿದ್ದ ಎಲ್ಲ ಗಡಿಯಾರಗಳು ನನಗೆ ಕಾಣುತ್ತಿದ್ದವು. ಒಂದೊಂದು ಒಂದೊಂದು ಗಂಟೆ ತೋರಿಸುತ್ತಿತ್ತು. ಸರಿಯಾದದ್ದು ಯಾವುದೆಂದು ಗೊತ್ತಿರದಿದ್ದರಿಂದ ನಾನು ಅತಿ ಹಿಂದಿದ್ದದ್ದನ್ನೇ ನಂಬಿದೆ.

ಮಣಿಪಾಲದ ಏರು ಹತ್ತಿ ನಾವು ಆ ಕಟ್ಟಡದ ಬಾಗಿಲು ಮುಟ್ಟುವಾಗ ಹತ್ತು ಗಂಟೆ ಕಳೆದು ಸುಮಾರು ಹೊತ್ತಾಗಿತ್ತು. ಬಾಗಿಲಲ್ಲಿ ಕೂತಿದ್ದ ಜವಾನ ಒಳ್ಳೆಯವನು. “ನಿಮ್ಮ ಹೆಸರು ಎರಡು ಸಲ ಕರೆದರು ಅಮ್ಮ” ಎಂದು ಬೆಂಚು ತೋರಿಸಿದ. ಅಕ್ಕ ಕೂತಳು. ಒಳಗೆ ಹೋಗುವವರು ಹೋದರು, ಹೊರಗೆ ಬರುವವರು ಬಂದರು. ಆ ಜಗಲಿಯ ಎದುರು ಒಂದು ಕಿಟಕಿ ಇತ್ತು. ಕಿಟಕಿಯ ಆಚೆ ಉದ್ದನೆಯ ಮೇಜಿನ ಮೇಲೆ ಸಾಲಾಗಿ ಸೂಕ್ಷ್ಮದರ್ಶಕಗಳು. ಅಕ್ಕ ಅವನ್ನೇ ನೋಡುತ್ತಿದ್ದಳು. ನನಗೆ ಹಸಿವಾಗಿತ್ತು, ಹೇಳಲು ಮನಸ್ಸಾಗಲಿಲ್ಲ.

ಊಟದ ಹೊತ್ತಿಗೆ ಒಬ್ಬರು ಮೇಡಂ ಹೊರಗೆ ಬಂದರು. ಅಕ್ಕ ಎದ್ದು ನಿಂತು ಬಸ್ಸು, ಮಳೆ ಎಂದೆಲ್ಲ ಹೇಳಿದಳು. ಕಾರುಗಳ ಸುದ್ದಿ ಎತ್ತಲಿಲ್ಲ. ಮೇಡಂ ಅವಳ ಸೀರೆಯ ಕಲೆಗಳನ್ನು ನೋಡಿ ಮೃದುವಾಗಿಯೇ ಮಾತಾಡಿದರು. ಸೀಟುಗಳು ತುಂಬಿವೆ, ಈಗ ಏನೂ ಮಾಡುವಂತಿಲ್ಲ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಎಂದರು. ಅಕ್ಕ “ಆಗಲಿ” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೊರಗೆ ಬಂದರೆ ಗೇಟಿನ ಬಳಿ ಕಪ್ಪು ಕಾರು ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು. ಅಪ್ಪ ಅದಕ್ಕೆ ಒರಗಿ ನಿಂತಿದ್ದರು, ಮೊಣಕೈವರೆಗೂ ಮಸಿ. ಊರಿನ ನಾಲ್ಕು ಜನರನ್ನು ಸೇರಿಸಿ ಬೂದಿ ಕಾರನ್ನು ಎತ್ತಿ ಬದಿಗಿಟ್ಟು ಬಂದಿದ್ದರಂತೆ. ನಮ್ಮನ್ನು ಕಂಡವರೇ ಎರಡು ಹೆಜ್ಜೆ ಓಡಿ ಬಂದರು.

“ಏನು ಓಡಿತು ಗೊತ್ತುಂಟಾ! ಕಾಪುವಿನಿಂದ ಇಲ್ಲಿವರೆಗೆ ಒಂದು ಸಲ ಸಹ ನಿಲ್ಲಲಿಲ್ಲ!”

ಹೇಳಿ ಮುಗಿಸಿದ ಮೇಲೆ ಅವರು ಅಕ್ಕನ ಮುಖ ನೋಡಿದರು. ಹಿಂದಿನ ಬಾಗಿಲು ತೆರೆದು ಹಿಡಿದರು. ಒಳಗೆ ಆ ಬಿಳಿ ಹೊದಿಕೆ ಒಂದು ಸುಕ್ಕೂ ಇಲ್ಲದೆ ಹಾಸಿಕೊಂಡಿತ್ತು.

“ನಾನು ಬಸ್ಸಿನಲ್ಲಿ ಬರ್ತೇನೆ ಅಪ್ಪ” ಎಂದಳು ಅಕ್ಕ. ಜಗಳದ ಸ್ವರವಲ್ಲ, ದಣಿದ ಸ್ವರ. ನನ್ನ ಕೈ ಹಿಡಿದು ನಡೆದಳು.

ಉಡುಪಿಯಲ್ಲಿ ಬಸ್ಸು ಬದಲಿಸಿ ಕಾಪುವಿನ ಬಸ್ಸು ಹತ್ತಿದೆವು. ಹಿಂದಿನ ಸೀಟು ಸಿಕ್ಕಿತು. ನಾನು ಸೀಟಿನ ಮೇಲೆ ಮಂಡಿಯೂರಿ ಹಿಂದಿನ ಗಾಜಿನಿಂದ ನೋಡಿದೆ. ಕಪ್ಪು ಕಾರು ಬಸ್ಸಿನ ಹಿಂದೆಯೇ ಬರುತ್ತಿತ್ತು. ಬಸ್ಸು ನಿಂತಲ್ಲಿ ಅದೂ ನಿಂತಿತು. ಉದ್ಯಾವರದಲ್ಲಿ ನಿಂತಿತು, ಕಟಪಾಡಿಯಲ್ಲಿ ನಿಂತಿತು. ಜನ ಇಳಿದು ಹತ್ತುವವರೆಗೂ ಕಾದಿತು. ಹಿಂದಿನಿಂದ ಲಾರಿಯವರು ಹಾರನ್ ಹೊಡೆದರೂ ಅಪ್ಪ ಬಸ್ಸನ್ನು ದಾಟಿ ಹೋಗಲಿಲ್ಲ. ಮಳೆ ಮತ್ತೆ ಶುರುವಾಯಿತು, ಒರೆಸುವ ಕಡ್ಡಿ ಮಾತ್ರ ಕೆಲಸ ಮಾಡುತ್ತಿರಲಿಲ್ಲವೆಂದು ಕಾಣುತ್ತದೆ, ಅಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ ಬಟ್ಟೆಯಿಂದ ಗಾಜು ಒರೆಸುತ್ತಿದ್ದರು. “ಅಕ್ಕ, ಅಪ್ಪ ಬರ್ತಾ ಇದ್ದಾರೆ, ನೋಡು” ಎಂದೆ. ಅಕ್ಕ ತಿರುಗಲಿಲ್ಲ. ಜಡೆಯಿಂದ ಬಾಡಿದ ಮಲ್ಲಿಗೆ ತೆಗೆದು ಮಡಿಲಲ್ಲಿಟ್ಟು, ಒಂದೊಂದೇ ಹೂವನ್ನು ಬಾಳೆನಾರಿನಿಂದ ಬಿಡಿಸುತ್ತ ಕೂತಿದ್ದಳು. ಆ ದಿನ ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. ಇಬ್ಬರಿಗಾಗಿಯೂ ಅಳು ಬಂದಿತ್ತು.

ಮರುದಿನ ಬೆಳಿಗ್ಗೆ ಎಂಟು ಗಂಟೆಯ ಬಸ್ಸಿಗೆ ಗೇಟಿನಲ್ಲಿ ಕಾಯುತ್ತಿದ್ದವರು ಅಪ್ಪ. ಕಂಕುಳಲ್ಲಿ ಕೊಡೆ, ಕೈಯಲ್ಲಿ ಚೀಲ. ಆ ಬಸ್ಸು ಉಡುಪಿಗೆ ಹೋಗುವುದು, ಅಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿಯಬೇಕು, ನೇರ ದಾರಿಯ ಬಸ್ಸು ಬೇರೆ ಹೊತ್ತಿಗೆ ಇತ್ತು, ಆದರೂ ಅವರು ಅದೇ ಬಸ್ಸಿಗೆ ನಿಂತರು. ಹಲಗೆಯ ಮೇಲಿನ ಲೆಕ್ಕವನ್ನು ಯಾರೋ ಒರೆಸಿದ್ದರು. ಹಸಿರು, ಬೂದಿ ಎರಡೂ ಆ ವರ್ಷವೇ ಗುಜರಿಗೆ ಹೋದವು. ಅಕ್ಕ ಮರುವರ್ಷವೂ ಅರ್ಜಿ ಹಾಕಿದಳು, ಕರೆ ಬರಲೇ ಇಲ್ಲ. ಟೈಪಿಂಗ್ ಕಲಿತಳು, ಕಾರ್ಕಳದಲ್ಲಿ ಒಂದು ಕಚೇರಿಯ ಕೆಲಸ ಸಿಕ್ಕಿತು, ಅಲ್ಲೇ ಮದುವೆಯಾಯಿತು. ಚೆನ್ನಾಗಿಯೇ ಬದುಕಿದಳು. ಆದರೆ ಒಂದು ರಕ್ತ ಪರೀಕ್ಷೆಗೆ ಹೋದರೂ ಒಳಗಿನ ಸೂಕ್ಷ್ಮದರ್ಶಕದ ಕಡೆಗೆ ಅವಳ ಕಣ್ಣು ಹೋಗುತ್ತದೆ. ನಾನು ಜೊತೆಗಿದ್ದರೆ ಬೇರೆ ಕಡೆ ನೋಡುತ್ತೇನೆ.

ಮಕ್ಕಳೇ, ನಿಮ್ಮ ಕಾಲ ಬೇರೆ. ಮಣಿಪಾಲದಲ್ಲಿ ನಿಮ್ಮ ಫ್ಲ್ಯಾಟಿನ ಕೆಳಗೆ ಬೆಳಕು ಹಾಕಿದ ಪಾರ್ಕಿಂಗ್ ಉಂಟು, ಮರಳಿಲ್ಲ, ಮಡಲಿಲ್ಲ. ನಿಮ್ಮ ಕಾರುಗಳಲ್ಲಿ ಹ್ಯಾಂಡಲ್ ಎಂದರೆ ಬಾಗಿಲಿನದ್ದು ಮಾತ್ರ. ಬಸ್ಸು ಎಲ್ಲಿದೆ ಎಂದು ಫೋನಿನಲ್ಲಿ ನೋಡುತ್ತೀರಿ, ಆಮೇಲೆ ಅದನ್ನು ಹತ್ತುವುದಿಲ್ಲ. ಆದರೆ ನಿಮ್ಮ ಅಪ್ಪ, ನನ್ನ ಮಗ, ನನ್ನ ಅಪ್ಪನ ಮೊಮ್ಮಗನೇ ತಾನೆ. ಅವನೂ ಮೂರು ಹಳೆಯ ಕಾರು ಇಟ್ಟಿದ್ದಾನೆ, ಕೆಳಗೆ ಒಂದರ ಹಿಂದೆ ಒಂದು. ಹೊಸದೊಂದರ ಬೆಲೆಗೆ ಹಳೆಯವು ಮೂರು ಬರುತ್ತವೆ, ಒಂದು ವರ್ಕ್‌ಶಾಪಿನಲ್ಲಿದ್ದರೆ ಇನ್ನೊಂದು ಉಂಟಲ್ಲ ಎನ್ನುತ್ತಾನೆ. ಅವನು ಆ ಕರಿಹಲಗೆಯನ್ನು ನೋಡಿಯೇ ಇಲ್ಲ. ಆದರೂ ಅದೇ ಲೆಕ್ಕ, ಅದೇ ನಗು.

ನಾಳೆ ನಿಮ್ಮ ಅಕ್ಕನಿಗೆ ಪ್ರವೇಶ ಪರೀಕ್ಷೆ. ಅದಕ್ಕೆಂದೇ ನನ್ನ ಅಕ್ಕ ಇವತ್ತು ಕಾರ್ಕಳದಿಂದ ಬಸ್ಸಿನಲ್ಲಿ ಬಂದಿದ್ದಾಳೆ. ಬಂದವಳು ಕಾಲು ತೊಳೆದು, ನೀರು ಕುಡಿದು, ಸೋಫಾದಲ್ಲಿ ಕೂತಳು. ನಿಮ್ಮ ಅಪ್ಪ, “ಚಿಂತೆ ಬೇಡ ಅತ್ತೆ, ಮೂರು ಕಾರು ಉಂಟು” ಎಂದ. ಅಕ್ಕ ಅವನ ಕಡೆಗೆ ತಿರುಗಿದಳು. ಐವತ್ತು ವರ್ಷಗಳಲ್ಲಿ ಅವಳು ಆ ದಿನದ ಬಗ್ಗೆ ಒಂದು ಮಾತೂ ಆಡಿದ್ದು ನಾನು ಕೇಳಿರಲಿಲ್ಲ.

“ಎಷ್ಟು ಕಾರು ಅಂತ ನಾನು ಕೇಳಲಿಲ್ಲ ಮಗ” ಎಂದಳು. “ಗೇಟಿನ ಹತ್ತಿರ ನಿಂತದ್ದು ಯಾವುದು?”

ನಿಮ್ಮ ಅಪ್ಪ ಮೂರೂ ಕಾರಿನ ಕೀಲಿಗಳನ್ನು ತೆಗೆದುಕೊಂಡು ಮೆಲ್ಲನೆ ಕೆಳಗೆ ಹೋದ.